ಪಿನ್ ಕೂತರೂ ಹಾರ್ಡ್‌ಡಿಸ್ಕ್ ಕಾಣುತ್ತಿಲ್ಲವೇ? ಫಾರ್ಮ್ಯಾಟ್‌ಗೆ ಮುಂಚೆ ಬೋರ್ಡ್ ನೋಡಿ

ಬೆಳಗಾವಿಯ ಖಡೇಬಜಾರದ ಅಂಗಡಿಗಳಿಂದ ಹಿಡಿದು ವಿಜಯಪುರದ ಒಣದ್ರಾಕ್ಷಿ ವ್ಯಾಪಾರಿಗಳವರೆಗೆ, ಟ್ಯಾಲಿ ನಡೆಸುವ, ಮದುವೆ ಫೋಟೊ ತುಂಬಿಡುವ ಡೆಸ್ಕ್‌ಟಾಪ್‌ಗಳಲ್ಲಿ ಹತ್ತು ವರ್ಷ ದಾಟಿದವು ಇನ್ನೂ ಬೇಕಾದಷ್ಟಿವೆ. ಇವುಗಳೊಳಗಿನ ಜಿ41, ಎಚ್61, ಎಚ್81 ಚಿಪ್‌ಸೆಟ್‌ನ (ಡಿಸ್ಕ್, ಪೋರ್ಟುಗಳನ್ನು ನಿಭಾಯಿಸುವ ಚಿಪ್) ಮದರ್‌ಬೋರ್ಡುಗಳು ಗಟ್ಟಿ. ಡಿಸ್ಕ್ ತುಂಬಿದಾಗಲೋ ಕೆಟ್ಟಾಗಲೋ ಹೊಸದೊಂದನ್ನು ತಂದು ಹಾಕಿಸಿದರೆ ಮತ್ತೆ ನಾಲ್ಕಾರು ವರ್ಷ ನಡೆಯುತ್ತವೆ. ಡಿಸ್ಕನ್ನು ಬೋರ್ಡಿಗೆ ಜೋಡಿಸುವ ಸಾಟಾ ಪಿನ್‌ನ ಆಕಾರ 2003ರಿಂದ ಬದಲಾಗಿಲ್ಲ: ಡೇಟಾಕ್ಕೆ 7, ಪವರ್‌ಗೆ 15. ಹಾಗಾಗಿ ಯಾವ ಸಾಟಾ ಡಿಸ್ಕ್ ಆದರೂ ಕೂರುತ್ತದೆ. ತೊಂದರೆ ಶುರುವಾಗುವುದು ಕೂತ ಮೇಲೆ. ಬಯೋಸ್‌ನಲ್ಲಿ (ವಿಂಡೋಸ್‌ಗೂ ಮುಂಚೆ ಏಳುವ, ಬೋರ್ಡಿನದೇ ಪ್ರೋಗ್ರಾಂ) ಹೆಸರು ಬರುವುದಿಲ್ಲ, ಬಂದರೆ ಅರ್ಧ ಜಾಗ ಮಾತ್ರ ಕಾಣುತ್ತದೆ, ಇಲ್ಲವೇ ವಿಂಡೋಸ್ ನೀಲಿ ಪರದೆ ತೋರಿಸಿ ನಿಲ್ಲುತ್ತದೆ. ಆಗ ‘ಡಿಸ್ಕ್ ಹೋಗೇತ್ರಿ, ಫಾರ್ಮ್ಯಾಟ್ ಹೊಡೀಬೇಕು’ ಎಂಬ ತೀರ್ಪು ಬಲುಬೇಗ ಬರುತ್ತದೆ. ಚೆನ್ನಾಗಿದ್ದ ಡಿಸ್ಕಿನೊಳಗಿನ ವರ್ಷಗಳ ಲೆಕ್ಕಪತ್ರ ಅಳಿಯುವುದು ಹೀಗೆ. ಇದು ತಪ್ಪಿಸಬಹುದಾದ ನಷ್ಟ.

ಡಿಸ್ಕ್ ಕೊಳ್ಳುವ ಮುಂಚೆ ಬೋರ್ಡ್ ಯಾವುದೆಂದು ತಿಳಿಯಬೇಕು. ವಿಂಡೋಸ್ 10ರಲ್ಲಿ ವಿಂಡೋಸ್ ಕೀ ಜೊತೆ ಆರ್ ಒತ್ತಿ ಎಂಎಸ್‌ಇನ್‌ಫೋ32 (msinfo32) ಎಂದು ಬರೆದು ಎಂಟರ್ ಕೊಡಿ. ‘ಬೇಸ್‌ಬೋರ್ಡ್ ಪ್ರಾಡಕ್ಟ್’ ಎದುರಿಗೆ ಬೋರ್ಡಿನ ಮಾದರಿ, ‘ಬಯೋಸ್ ಮೋಡ್’ ಎದುರಿಗೆ ಲೆಗಸಿ (ಹಳೆಯ ಪದ್ಧತಿ) ಅಥವಾ ಯುಇಎಫ್‌ಐ (ಹೊಸ ಪದ್ಧತಿ) ಎಂದಿರುತ್ತದೆ. ಎರಡನ್ನೂ ಬರೆದಿಟ್ಟುಕೊಳ್ಳಿ, ಮುಂದಿನ ಬಹುಪಾಲು ತೀರ್ಮಾನ ಇವುಗಳ ಮೇಲೆಯೇ ನಿಲ್ಲುತ್ತದೆ.

ವೇಗದ ವಿಷಯ ಜನ ಅಂದುಕೊಂಡಷ್ಟು ದೊಡ್ಡದಲ್ಲ. ಎಚ್61ರ ನಾಲ್ಕೂ ಸಾಟಾ ಪೋರ್ಟ್ ಸೆಕೆಂಡಿಗೆ 3 ಗಿಗಾಬಿಟ್‌ನವು, ಎಚ್81ರಲ್ಲಿ ಎರಡು 6, ಎರಡು 3. ತಿರುಗುವ ಹಾರ್ಡ್‌ಡಿಸ್ಕ್ ಸೆಕೆಂಡಿಗೆ 150ರಿಂದ 250 ಎಂಬಿ ದಾಟುವುದು ಅಪರೂಪ, 3 ಗಿಗಾಬಿಟ್ ಪೋರ್ಟೇ ಅದಕ್ಕೆ ಸಾಕು. ತಿರುಗುವ ಭಾಗವಿಲ್ಲದ ಎಸ್‌ಎಸ್‌ಡಿ ಮಾತ್ರ ಆ ಪೋರ್ಟಿನಲ್ಲಿ 550ರ ಬದಲು ಸುಮಾರು 270ಕ್ಕೆ ಇಳಿಯುತ್ತದೆ. ಆದರೂ ಹಳೆಯ ಬೋರ್ಡಿಗೆ ಎಸ್‌ಎಸ್‌ಡಿ ಹಾಕಿಸುವುದೇ ಸರಿ, ಏಕೆಂದರೆ ಚಿಕ್ಕಚಿಕ್ಕ ಫೈಲುಗಳನ್ನು ಹುಡುಕಿ ತೆಗೆಯುವುದರಲ್ಲಿ ಅದಕ್ಕೂ ತಿರುಗುವ ಡಿಸ್ಕಿಗೂ ಹೋಲಿಕೆಯೇ ಇಲ್ಲ. ಬೋರ್ಡಿನ ಮೇಲಿನ ಅಚ್ಚು ನೋಡುವಾಗ ಎಚ್ಚರವಿರಲಿ. ‘ಸಾಟಾ3’ ಎಂದಿದ್ದರೆ ಕೆಲವು ಕಂಪನಿಗಳಲ್ಲಿ ಅದು ಮೂರನೇ ತಲೆಮಾರಿನ 6 ಗಿಗಾಬಿಟ್ ಪೋರ್ಟ್, ಕೆಲವರಲ್ಲಿ ಬರೀ ಮೂರನೇ ನಂಬರಿನ ಪೋರ್ಟ್. ಮ್ಯಾನುವಲ್ ನೋಡಿ ಖಚಿತ ಮಾಡಿಕೊಂಡು ಎಸ್‌ಎಸ್‌ಡಿ ಚುಚ್ಚಬೇಕು.

ಫೋಟೊ ಸ್ಟುಡಿಯೋದವರನ್ನು ಹೆಚ್ಚು ಕಾಡುವುದು 2 ಟಿಬಿ ಗಡಿ. ಡಿಸ್ಕನ್ನು ಪಾರ್ಟಿಷನ್‌ಗಳಾಗಿ ಹಂಚುವ ಹಳೆಯ ಎಂಬಿಆರ್ ಪದ್ಧತಿ ಸೆಕ್ಟರಿನ (ಡಿಸ್ಕಿನ ಚಿಕ್ಕ ತುಣುಕು) ನಂಬರನ್ನು 32 ಬಿಟ್‌ನಲ್ಲಿ ಬರೆಯುತ್ತದೆ. ಒಂದು ಸೆಕ್ಟರ್ 512 ಬೈಟ್ ಎಂದರೆ ಲೆಕ್ಕ ಮುಗಿಯುವುದು ವಿಂಡೋಸ್ ಎಣಿಸುವ 2048 ಜಿಬಿಗೆ. 4 ಟಿಬಿ ಡಿಸ್ಕನ್ನು ಎಂಬಿಆರ್ ಎಂದು ತೆರೆದರೆ ಉಳಿದ ಸುಮಾರು 1,678 ಜಿಬಿ ‘ಅನ್‌ಅಲೊಕೇಟೆಡ್’ ಎಂದು ಬಿದ್ದಿರುತ್ತದೆ, ಪಾರ್ಟಿಷನ್ ಮಾಡಲು ಬಿಡುವುದಿಲ್ಲ. ಹೊಸ ಡಿಸ್ಕ್ ಹಾಕಿದಾಗ ವಿಂಡೋಸ್‌ನ ಡಿಸ್ಕ್ ಮ್ಯಾನೇಜ್‌ಮೆಂಟ್ ಕೇಳುವ ಮೊದಲ ಪ್ರಶ್ನೆಗೇ ಎಂಬಿಆರ್ ಬದಲು ಹೊಸ ಪದ್ಧತಿಯಾದ ಜಿಪಿಟಿ ಆರಿಸಿ. ಬಯೋಸ್ ಮೋಡ್ ಲೆಗಸಿ ಇದ್ದರೂ ಡೇಟಾ ಇಡುವ ಡಿಸ್ಕ್ ಜಿಪಿಟಿ ಆಗಿರಬಹುದು, ವಿಂಡೋಸ್ 7ರಿಂದ ಈಚೆಗೆ ಎಲ್ಲವೂ ಓದುತ್ತವೆ. ಜಿಪಿಟಿ ಡಿಸ್ಕಿನಿಂದ ವಿಂಡೋಸ್ ಬೂಟ್ ಆಗಬೇಕೆಂದರೆ ಮಾತ್ರ ಯುಇಎಫ್‌ಐ ಬೇಕು. ಆದ್ದರಿಂದ ಜಿ41ರಂಥ ಬೋರ್ಡಿನಲ್ಲಿ ವಿಂಡೋಸ್‌ಗೆ ಒಂದು ಸಣ್ಣ ಎಸ್‌ಎಸ್‌ಡಿ, ಫೋಟೊಗಳಿಗೆ ಪ್ರತ್ಯೇಕ ದೊಡ್ಡ ಡಿಸ್ಕ್ ಇಡುವುದೇ ಒಳ್ಳೆಯ ದಾರಿ. 3 ಟಿಬಿ ಡಿಸ್ಕ್ 746 ಜಿಬಿ ಎಂದು ತೋರಿಸಿದರೆ ಡಿಸ್ಕನ್ನು ಬೈಯಬೇಡಿ. ಹಳೆಯ ಇಂಟೆಲ್ ಸ್ಟೋರೇಜ್ ಡ್ರೈವರ್‌ನಲ್ಲಿ ಕಂಡುಬರುವ ದೋಷ ಅದು, ಡ್ರೈವರ್ ಹೊಸದಾಗಿಸಿದರೆ ಹೋಗುತ್ತದೆ.

ಇದಕ್ಕಿಂತ ಅಪಾಯದ್ದು ಇನ್ನೊಂದಿದೆ. ಯುಎಸ್‌ಬಿ ಡಬ್ಬಿಯೊಳಗಿದ್ದ ದೊಡ್ಡ ಡಿಸ್ಕನ್ನು ಬಿಚ್ಚಿ ನೇರ ಬೋರ್ಡಿಗೆ ಚುಚ್ಚಿದಾಗ ‘ರಾ’ (ಓದಲಾಗದ್ದು) ಎಂದೋ ಖಾಲಿ ಎಂದೋ ತೋರಿಸಿ, ಫಾರ್ಮ್ಯಾಟ್ ಮಾಡಲೇ ಎಂದು ವಿಂಡೋಸ್ ಕೇಳುತ್ತದೆ. ಕೆಲವು ಯುಎಸ್‌ಬಿ ಡಬ್ಬಿಗಳ ಸರ್ಕಿಟ್, 512 ಬೈಟಿನ ಸೆಕ್ಟರನ್ನು 4096 ಎಂದು ತೋರಿಸುತ್ತದೆ. ಪಾರ್ಟಿಷನ್ ಬರೆದದ್ದು ಒಂದು ಅಳತೆಯಲ್ಲಿ, ಬೋರ್ಡ್ ಓದುವುದು ಇನ್ನೊಂದು ಅಳತೆಯಲ್ಲಿ. ಡೇಟಾ ಪೂರ್ತಿ ಅಲ್ಲೇ ಇರುತ್ತದೆ. ‘ಬೇಡ’ ಒತ್ತಿ, ಡಿಸ್ಕನ್ನು ಅದೇ ಡಬ್ಬಿಗೆ ವಾಪಸ್ ಹಾಕಿ, ಎಲ್ಲವನ್ನೂ ಬೇರೆ ಡಿಸ್ಕಿಗೆ ನಕಲು ಮಾಡಿಕೊಳ್ಳಿ. ಅದಾದ ಮೇಲೆ ಬೋರ್ಡಿಗೆ ಚುಚ್ಚಿ ಹೊಸದಾಗಿ ಜಿಪಿಟಿ ಮಾಡಿ.

ನೀಲಿ ಪರದೆಯಲ್ಲಿ 0x0000007B ಅಥವಾ ‘ಇನ್‌ಆ್ಯಕ್ಸೆಸಿಬಲ್ ಬೂಟ್ ಡಿವೈಸ್’ ಎಂದು ಬಂದರೆ ಮೊದಲು ಬಯೋಸ್‌ಗೆ ಹೋಗಿ ಸಾಟಾ ಮೋಡ್ (ಬೋರ್ಡ್ ಡಿಸ್ಕಿನೊಂದಿಗೆ ಮಾತಾಡುವ ರೀತಿ) ನೋಡಬೇಕು. ಐಡಿಇ, ಎಎಚ್‌ಸಿಐ, ರೇಡ್ ಎಂಬ ಮೂರರಲ್ಲಿ ಯಾವುದಿದ್ದಾಗ ವಿಂಡೋಸ್ ಹಾಕಿದ್ದರೋ ಅದೇ ಇರಬೇಕು. ಯಾರೂ ಮುಟ್ಟದಿದ್ದರೂ ಅದು ಬದಲಾಗುವುದಕ್ಕೆ ನಮ್ಮ ಕಡೆ ಒಂದು ಸಾಮಾನ್ಯ ಕಾರಣವುಂಟು. ರಾತ್ರಿ ಅಂಗಡಿ ಮುಚ್ಚುವಾಗ ಮೇನ್ ಸ್ವಿಚ್ಚನ್ನೇ ಆರಿಸುವುದು ರೂಢಿ. ಪ್ಲಗ್‌ನಲ್ಲಿ ಕರೆಂಟ್ ಇದ್ದರೆ ಎಸ್‌ಎಂಪಿಎಸ್‌ನ (ಪವರ್ ಸಪ್ಲೈ ಡಬ್ಬಿ) ಸ್ಟ್ಯಾಂಡ್‌ಬೈ ವಿದ್ಯುತ್ತೇ ಗಡಿಯಾರವನ್ನೂ ನಡೆಸುತ್ತದೆ. ಇಲ್ಲದಿದ್ದರೆ ಪೂರ್ತಿ ಭಾರ ಬೋರ್ಡಿನಲ್ಲಿರುವ, ನಾಣ್ಯದಾಕಾರದ ಸಿಆರ್2032 ಸೆಲ್ ಮೇಲೆ. ಸೆಲ್ ಸತ್ತ ಮೇಲೆ ಬೆಳಿಗ್ಗೆ ಬಯೋಸ್ ತನ್ನ ಮೂಲ ಸೆಟ್ಟಿಂಗ್‌ಗೆ ಮರಳುತ್ತದೆ, ಅದರ ಜೊತೆ ಸಾಟಾ ಮೋಡ್ ಕೂಡ ಬದಲಾಗುತ್ತದೆ. ತಾರೀಖು ವರ್ಷಗಟ್ಟಲೆ ಹಿಂದೆ ಹೋಗಿದ್ದರೆ ಅನುಮಾನವೇ ಬೇಡ. ಹೊಸ ಸೆಲ್ 3 ವೋಲ್ಟ್ ತೋರಿಸಬೇಕು. ಮಲ್ಟಿಮೀಟರ್ 2.7ಕ್ಕಿಂತ ಕಡಿಮೆ ಎಂದರೆ ಬದಲಿಸಿ, ಮೋಡ್ ಸರಿಮಾಡಿ, ಸೇವ್ ಮಾಡಿ. ಇಷ್ಟಕ್ಕೇ ವಿಂಡೋಸ್ ಮತ್ತೆ ಹಾಕುವವರಿದ್ದಾರೆ!

ಐಡಿಇಯಲ್ಲಿರುವ ವಿಂಡೋಸ್ 10ನ್ನು ಎಸ್‌ಎಸ್‌ಡಿಗಾಗಿ ಎಎಚ್‌ಸಿಐಗೆ ತರಬೇಕಾದರೆ ಮತ್ತೆ ಹಾಕುವ ಅಗತ್ಯವಿಲ್ಲ. ವಿಂಡೋಸ್‌ನಲ್ಲಿದ್ದಾಗಲೇ ಎಂಎಸ್‌ಕಾನ್ಫಿಗ್ (msconfig) ತೆರೆದು ಬೂಟ್ ಪುಟದಲ್ಲಿ ಸೇಫ್ ಬೂಟ್ ಟಿಕ್ ಮಾಡಿ. ರೀಸ್ಟಾರ್ಟ್ ಆಗುವಾಗ ನೇರ ಬಯೋಸ್‌ಗೆ ಹೋಗಿ ಮೋಡ್ ಬದಲಿಸಿ. ಸೇಫ್ ಮೋಡ್ ತೆರೆದ ಮೇಲೆ ಟಿಕ್ ತೆಗೆದು ಇನ್ನೊಮ್ಮೆ ರೀಸ್ಟಾರ್ಟ್ ಮಾಡಿದರೆ ಮುಗಿಯಿತು. ಜಿ41 ಬೋರ್ಡುಗಳಲ್ಲಿ ಸಾಮಾನ್ಯವಾಗಿರುವ ಐಸಿಎಚ್7 ಚಿಪ್‌ನಲ್ಲಿ ಎಎಚ್‌ಸಿಐ ಇಲ್ಲವೇ ಇಲ್ಲ, ಅಲ್ಲಿ ಹುಡುಕಿ ಫಲವಿಲ್ಲ.

ಹೊಸ ಬೋರ್ಡುಗಳಲ್ಲಿ ಎಸ್‌ಎಸ್‌ಡಿಯನ್ನು ಕೇಬಲ್ ಇಲ್ಲದೆ ನೇರ ಕೂರಿಸುವ ಎಂ.2 ಸ್ಲಾಟ್ ಬಗ್ಗೆ ಎರಡೇ ಮಾತು. ಸ್ಲಾಟ್ ಒಂದೇ ಆಕಾರದ್ದಾದರೂ ಸಾಟಾ ಎಸ್‌ಎಸ್‌ಡಿ ಬೇರೆ, ಇನ್ನೂ ವೇಗದ ಎನ್‌ವಿಎಂಇ ಬೇರೆ; ಯಾವುದು ನಡೆಯುತ್ತದೆಂದು ಮ್ಯಾನುವಲ್ ಹೇಳುತ್ತದೆ. ಹಲವು ಬೋರ್ಡುಗಳಲ್ಲಿ ಎಂ.2 ತುಂಬಿದ ಕೂಡಲೇ ಒಂದೆರಡು ಸಾಟಾ ಪೋರ್ಟ್ ಬಂದ್ ಆಗುತ್ತವೆ. ಎಸ್‌ಎಸ್‌ಡಿ ಹಾಕಿದ ದಿನವೇ ಹಳೆಯ ಹಾರ್ಡ್‌ಡಿಸ್ಕ್ ಮಾಯವಾದರೆ ಅದರ ಕೇಬಲನ್ನು ಬೇರೆ ಪೋರ್ಟಿಗೆ ಬದಲಿಸಿ ನೋಡಿ.

ಬಯೋಸ್‌ನಲ್ಲಿ ಹೆಸರಿಲ್ಲ, ಕೈಯಿಟ್ಟರೆ ಡಿಸ್ಕ್ ತಿರುಗುವ ಕಂಪನವೂ ಇಲ್ಲ ಎಂದಾಗ ಕರೆಂಟ್ ಕಡೆ ನೋಡಬೇಕು. ಸರ್ವರ್‌ನಿಂದ ಬಂದ ಸೆಕೆಂಡ್‌ಹ್ಯಾಂಡ್ ಡಿಸ್ಕುಗಳಲ್ಲಿ ಕೆಲವು, ಸಾಟಾ ಪವರ್‌ನ ಮೂರನೇ ಪಿನ್‌ಗೆ 3.3 ವೋಲ್ಟ್ ಬಂದರೆ ಆಫ್ ಆಗುವಂತೆ ಮಾಡಿದವು. ಸಾಮಾನ್ಯ ಎಸ್‌ಎಂಪಿಎಸ್‌ನಲ್ಲಿ ಆ 3.3 ವೋಲ್ಟ್ ಸದಾ ಇರುವುದರಿಂದ ಡಿಸ್ಕ್ ಏಳುವುದೇ ಇಲ್ಲ. ನಾಲ್ಕು ಪಿನ್ನಿನ ಮೋಲೆಕ್ಸ್‌ನಿಂದ ಸಾಟಾಗೆ ಬರುವ ಕನೆಕ್ಟರ್ ಹಾಕಿದರೆ ಏಳುತ್ತದೆ, ಏಕೆಂದರೆ ಮೋಲೆಕ್ಸ್‌ನಲ್ಲಿ 5 ಮತ್ತು 12 ವೋಲ್ಟ್ ಮಾತ್ರ ಇರುತ್ತವೆ. ಆದರೆ ಪ್ಲಾಸ್ಟಿಕ್ಕನ್ನು ಎರಕ ಹೊಯ್ದು ಮುಚ್ಚಿದ ಅಗ್ಗದ ಕನೆಕ್ಟರ್ ತರಬೇಡಿ, ಒಳಗೆ ತಂತಿಗಳು ಒಂದಕ್ಕೊಂದು ತಾಗಿ ಸುಟ್ಟುಹೋಗಬಹುದು. ತಂತಿ ಒಂದೊಂದಾಗಿ ಕಣ್ಣಿಗೆ ಕಾಣುವಂಥದ್ದನ್ನೇ ಕೇಳಿ ತನ್ನಿ. ವಿಜಯಪುರ, ಬಾಗಲಕೋಟೆಯಲ್ಲಿ ಮೇ ತಿಂಗಳ ಬಿಸಿಲು 40 ಡಿಗ್ರಿ ದಾಟುತ್ತದೆ, ಸಾಮಾನ್ಯ ಡೆಸ್ಕ್‌ಟಾಪ್ ಡಿಸ್ಕಿನ ಮಿತಿಯೋ 60. ಎರಡು ಡಿಸ್ಕ್ ಇದ್ದರೆ ನಡುವೆ ಒಂದು ಮನೆ ಖಾಲಿ ಬಿಡಿ.

ಡಿಸ್ಕ್ ಕಾಣುತ್ತದೆ, ಆದರೆ ನಕಲು ಮಾಡುವಾಗ ನಡುವೆ ನಿಂತು ನಿಂತು ಹೋಗುತ್ತದೆ ಎಂದಾದರೆ ಡಿಸ್ಕಿನ ಆರೋಗ್ಯ ತೋರಿಸುವ ಕ್ರಿಸ್ಟಲ್‌ಡಿಸ್ಕ್‌ಇನ್ಫೋ ಸಾಫ್ಟ್‌ವೇರ್ ಹಾಕಿ ಸಿ7 ಸಾಲು ನೋಡಿ. ಕೇಬಲ್ಲಿನಲ್ಲಿ ಡೇಟಾ ಕೆಟ್ಟುಹೋದ ಎಣಿಕೆ ಅದು. ಸಂಖ್ಯೆ ಹದಿನಾರರ ಲೆಕ್ಕದಲ್ಲಿರುತ್ತದೆ, ಎಂದೂ ಇಳಿಯುವುದಿಲ್ಲ, ಏರುತ್ತಿದೆಯೇ ಎಂಬುದಷ್ಟೇ ಮುಖ್ಯ. ಸಾಟಾ ಕೇಬಲ್ ಬದಲಿಸಿ, ಹತ್ತಿಪ್ಪತ್ತು ಜಿಬಿ ನಕಲು ಮಾಡಿ ಮತ್ತೆ ನೋಡಿ. ಎಣಿಕೆ ನಿಂತಿದ್ದರೆ ತಪ್ಪು ಕೇಬಲ್ಲಿನದು. ಏರುತ್ತಿರುವುದು 05 ಅಥವಾ ಸಿ5 ಸಾಲಿನ ಸಂಖ್ಯೆ ಎಂದಾದರೆ ಡಿಸ್ಕಿನ ತಟ್ಟೆಯೇ ಕೆಡುತ್ತಿದೆ. ಆಗ ಬೋರ್ಡ್, ಬಯೋಸ್ ಎಲ್ಲ ಬದಿಗಿಟ್ಟು, ಮುಖ್ಯ ಫೈಲುಗಳನ್ನು ಮೊದಲು, ದೊಡ್ಡ ವಿಡಿಯೋಗಳನ್ನು ಕೊನೆಗೆ ಎಂಬ ಕ್ರಮದಲ್ಲಿ ಅದೇ ದಿನ ನಕಲು ತೆಗೆಯಿರಿ.