ಸುತ್ತಿಟ್ಟ ಡಿಎನ್‌ಎ ತೆರೆಯಲು ಕೋಶ ಖರ್ಚು ಮಾಡುವ ಶಕ್ತಿ

ಎಪಿಜೆನೆಟಿಕ್ಸ್ ಈಗ ಎಲ್ಲರ ಬಾಯಲ್ಲೂ ಓಡಾಡುವ ಮಾತು. ಡಿಎನ್‌ಎ ಸುತ್ತಿಕೊಳ್ಳುವ ಹಿಸ್ಟೋನ್ ಪ್ರೊಟೀನಿಗೆ ಅಂಟುವ ರಾಸಾಯನಿಕ ಗುರುತುಗಳೇ ಜೀನುಗಳನ್ನು ತೆರೆದು ಮುಚ್ಚುತ್ತವೆ ಎಂಬಂತೆ ವಿವರಣೆಗಳು ಬರುತ್ತಿವೆ. ಗುರುತುಗಳ ಪಾತ್ರ ದೊಡ್ಡದೇ, ಆದರೆ ಡಿಎನ್‌ಎಯನ್ನು ಹಿಡಿದೆಳೆದು ಜಾಗ ಬಿಡಿಸುವ ಕೆಲಸ ಬೇರೆಯವರದು. ಕೋಶದ ಇಂಧನವಾದ ಎಟಿಪಿ ಉರಿಸಿ ದುಡಿಯುವ ಆ ಪ್ರೊಟೀನ್ ಯಂತ್ರಗಳಿಗೆ ಸಿಗಬೇಕಾದ ಗಮನ ಇನ್ನೂ ಸಿಕ್ಕಿಲ್ಲ.

ಹಿಸ್ಟೋನ್ ಪತ್ತೆಯಾದದ್ದು 1884ರಲ್ಲಿ, ಆಲ್ಬ್ರೆಕ್ಟ್ ಕೊಸೆಲ್ ಅವರಿಂದ. ಅಲ್ಲಿಂದ ಸುಮಾರು ತೊಂಬತ್ತು ವರ್ಷ ದಾಟಿದರೆ 1974: ದಾರಕ್ಕೆ ಪೋಣಿಸಿದ ಮಣಿಗಳಂತೆ ಕಾಣುವ ಕ್ರೊಮ್ಯಾಟಿನ್ (ಡಿಎನ್‌ಎ, ಹಿಸ್ಟೋನ್ ಸೇರಿದ ಎಳೆ) ಚಿತ್ರಗಳು ಪ್ರಕಟವಾದವು, ರೋಜರ್ ಕಾರ್ನ್‌ಬರ್ಗ್ ಅದರ ರಚನೆಯನ್ನು ವಿವರಿಸಿದರು. ಎಂಟು ಹಿಸ್ಟೋನ್‌ಗಳ ಗುಂಪಿಗೆ 147 ಬೇಸ್ ಜೋಡಿಗಳಷ್ಟು (ಡಿಎನ್‌ಎ ಏಣಿಯ ಮೆಟ್ಟಿಲುಗಳು) ಡಿಎನ್‌ಎ ಎರಡು ಸುತ್ತಿಗೆ ಸ್ವಲ್ಪ ಕಡಿಮೆ ಸುತ್ತಿಕೊಂಡರೆ ಒಂದು ನ್ಯೂಕ್ಲಿಯೊಸೋಮ್. ನಮ್ಮ ಒಂದೊಂದು ಕೋಶದ ಸುಮಾರು ಎರಡು ಮೀಟರ್ ಡಿಎನ್‌ಎ ಪುಟ್ಟ ಕೋಶಕೇಂದ್ರದಲ್ಲಿ ಹಿಡಿಸುವುದು ಹೀಗೆ.

ಇಷ್ಟಾದರೂ ಹಿಸ್ಟೋನ್ ಎಂದರೆ ಬರೀ ಹೊದಿಕೆ ಎಂಬ ಎಣಿಕೆ ಬೇಗ ಅಳಿಯಲಿಲ್ಲ. ಹಿಸ್ಟೋನ್ ಇಲ್ಲದ ಬರಿಯ ಡಿಎನ್‌ಎ ಪ್ರಯೋಗನಾಳದಲ್ಲಿ ಚೊಕ್ಕ ಫಲಿತಾಂಶ ಕೊಡುತ್ತಿತ್ತು. ಪ್ರಯೋಗದ ಅನುಕೂಲವೇ ನಿಧಾನಕ್ಕೆ ಸಿದ್ಧಾಂತದ ಜಾಗದಲ್ಲಿ ಕುಳಿತುಬಿಟ್ಟಿತು.

ತಿರುವು ಬಂದದ್ದು ಯೀಸ್ಟ್‌ನಿಂದ, ಅದೂ ಕ್ರೊಮ್ಯಾಟಿನ್ ಬಗ್ಗೆ ಕೇಳದೇ ಇದ್ದ ಪ್ರಶ್ನೆಗಳಿಂದ. ಸುಕ್ರೋಸ್ ಬಳಸಿ ಬೆಳೆಯಲು ಯೀಸ್ಟ್‌ಗೆ ಅದನ್ನು ಒಡೆಯುವ ಇನ್ವರ್ಟೇಸ್ ಕಿಣ್ವ ಬೇಕು. ಆ ಕಿಣ್ವದ ಜೀನ್ ಚಾಲೂ ಆಗದ ತಳಿಗಳನ್ನು ಮೇರಿಯನ್ ಕಾರ್ಲ್ಸನ್ ಅವರ ತಂಡ ಹುಡುಕಿ, ಕೆಟ್ಟುಹೋದ ಜೀನುಗಳಿಗೆ ಎಸ್‌ಎನ್‌ಎಫ್ ಎಂದು ಹೆಸರಿಟ್ಟಿತು. ಇತ್ತ ಐರಾ ಹರ್ಸ್ಕೊವಿಟ್ಜ್ ಅವರ ತಂಡ ಯೀಸ್ಟ್ ತನ್ನ ಲಿಂಗಮಾದರಿಯನ್ನು (ಕೂಡಲು ಬೇಕಾದ ಎರಡು ಬಗೆಗಳಲ್ಲೊಂದು) ಬದಲಿಸಲಾಗದಂತೆ ಮಾಡುವ ದೋಷಗಳ ಬೆನ್ನು ಹತ್ತಿತ್ತು. ಅವು ಎಸ್‌ಡಬ್ಲ್ಯುಐ ಜೀನುಗಳಾದವು. ಎರಡೂ ವರದಿಗಳು 1984ರವು. ಸಕ್ಕರೆಗೂ ಲಿಂಗಮಾದರಿಗೂ ಏನು ನಂಟು? ಮುಂದೆ ನೋಡಿದರೆ ಎಸ್‌ಡಬ್ಲ್ಯುಐ2, ಎಸ್‌ಎನ್‌ಎಫ್2 ಎರಡೂ ಒಂದೇ ಜೀನ್!

ನನ್ನ ಮಟ್ಟಿಗೆ ಇಡೀ ಕಥೆಯ ಅತಿ ಸೊಗಸಾದ ಪುರಾವೆ ಇದರ ನಂತರದ್ದು. ಈ ಜೀನುಗಳು ಕೆಟ್ಟ ಯೀಸ್ಟ್‌ನಲ್ಲಿ ಹಿಸ್ಟೋನ್ ಜೀನುಗಳನ್ನೂ ಕೆಡಿಸಿದರೆ ನಿಂತಿದ್ದ ಕೆಲಸ ಮತ್ತೆ ಶುರುವಾಗುತ್ತಿತ್ತು. ಅಂದರೆ ಹಿಸ್ಟೋನ್ ಒಡ್ಡುವ ತಡೆಯನ್ನು ನೀಗಿಸುವುದೇ ಇವುಗಳ ಕಸುಬು. 1993ರಲ್ಲಿ ಎಸ್‌ಎನ್‌ಎಫ್2 ಪ್ರೊಟೀನ್ ಎಟಿಪಿಯನ್ನು ಒಡೆಯುತ್ತದೆ ಎಂದು ತಿಳಿಯಿತು. ಎಟಿಪಿ ಕೂರುವ ಜಾಗದ ಒಂದೇ ಒಂದು ಲೈಸಿನ್ ಅಮೈನೊ ಆಮ್ಲವನ್ನು ಬದಲಿಸಿದರೆ ಸಾಕು, ಅದು ಕೆಲಸಕ್ಕೆ ಬಾರದು. ಈ ಜೀನುಗಳ ಪ್ರೊಟೀನುಗಳು ಒಟ್ಟುಗೂಡಿ ಒಂದು ಸಂಕೀರ್ಣವಾಗುತ್ತವೆ. 1994ರಲ್ಲಿ ಶುದ್ಧೀಕರಿಸಿದ ಎಸ್‌ಡಬ್ಲ್ಯುಐ/ಎಸ್‌ಎನ್‌ಎಫ್ ಸಂಕೀರ್ಣ, ನ್ಯೂಕ್ಲಿಯೊಸೋಮ್‌ನಲ್ಲಿ ಅಡಗಿದ್ದ ಡಿಎನ್‌ಎಗೆ ಬೇರೆ ಪ್ರೊಟೀನ್ ಕೂರಲು ದಾರಿ ಮಾಡಿಕೊಟ್ಟಿತು, ಎಟಿಪಿ ಇದ್ದಾಗ ಮಾತ್ರ.

ಆಮೇಲೆ ಐಎಸ್‌ಡಬ್ಲ್ಯುಐ, ಸಿಎಚ್‌ಡಿ, ಐಎನ್‌ಒ80 ಎಂಬ ಬಂಧುಗಳೂ ಸೇರಿ ನಾಲ್ಕು ಕುಟುಂಬಗಳಾದವು. ಕೆಲವು ನ್ಯೂಕ್ಲಿಯೊಸೋಮನ್ನು ಪಕ್ಕಕ್ಕೆ ಜರುಗಿಸುತ್ತವೆ, ಕೆಲವು ಪೂರ್ತಿ ಕಿತ್ತುಹಾಕುತ್ತವೆ, ಇನ್ನು ಕೆಲವು ಅದರೊಳಗಿನ ಒಂದು ಹಿಸ್ಟೋನ್ ತೆಗೆದು ಇನ್ನೊಂದನ್ನು ಕೂರಿಸುತ್ತವೆ. ಮೂಲ ಪಟ್ಟು ಮಾತ್ರ ಒಂದೇ. ಎಟಿಪಿ ಒಡೆಯುವ ಮೋಟಾರು ಭಾಗ ಹೆಚ್ಚಿನವುಗಳಲ್ಲಿ ನ್ಯೂಕ್ಲಿಯೊಸೋಮ್‌ನ ನಡುಬಿಂದುವಿನಿಂದ ಸುರುಳಿಯ ಸುಮಾರು ಎರಡು ತಿರುವು ಆಚೆ ಡಿಎನ್‌ಎಯನ್ನು ಕಚ್ಚಿ ಹಿಡಿಯುತ್ತದೆ. ಒಂದು ಎಟಿಪಿ ಒಡೆದಂತೆ ಸುಮಾರು ಒಂದು ಬೇಸ್ ಜೋಡಿಯಷ್ಟು ಎಳೆಯುತ್ತದೆ. ಡಿಎನ್‌ಎ ಹಿಸ್ಟೋನ್‌ಗಳನ್ನು ಹದಿನಾಲ್ಕು ಕಡೆ ಹಿಡಿದಿರುತ್ತದೆ. ಆ ಹಿಡಿತಗಳನ್ನೆಲ್ಲ ಒಮ್ಮೆಗೇ ಬಿಡಿಸಬೇಕಾದರೆ ಆಗುವ ದೊಡ್ಡ ವೆಚ್ಚ ಹೀಗೆ ಸಣ್ಣ ಸಣ್ಣ ಕಂತುಗಳಾಗಿ ಹಂಚಿಹೋಗುತ್ತದೆ.

ಯೀಸ್ಟ್‌ನ ಸಕ್ಕರೆಯಿಂದ ಹೊರಟ ಈ ವಿಷಯ ಆಸ್ಪತ್ರೆ ತಲುಪಿದ್ದು 1998ರಲ್ಲಿ. ಪುಟ್ಟ ಮಕ್ಕಳನ್ನು ಕಾಡುವ ರ‍್ಯಾಬ್ಡಾಯ್ಡ್ ಗಡ್ಡೆಗಳಲ್ಲಿ ಇದೇ ಸಂಕೀರ್ಣದ ಎಸ್‌ಎನ್‌ಎಫ್5 ಭಾಗ ಕೆಟ್ಟಿರುವುದು ಆಗ ಗೊತ್ತಾಯಿತು. ಮನುಷ್ಯರ ಕ್ಯಾನ್ಸರ್‌ಗಳಲ್ಲಿ ಸುಮಾರು 20% ಪ್ರಕರಣಗಳಲ್ಲಿ ಈ ಸಂಕೀರ್ಣದ ಯಾವುದಾದರೊಂದು ಜೀನ್ ಬದಲಾಗಿರುತ್ತದೆ ಎಂದು 2013ರ ವಿಶ್ಲೇಷಣೆಗಳು ತೋರಿಸಿದವು. ನಮ್ಮ ಕೋಶಗಳಲ್ಲಿ ಇದರ ಮೋಟಾರು ಎರಡು ಬಗೆಯದು: ಎಸ್‌ಎಂಎಆರ್‌ಸಿಎ4 ಮತ್ತು ಎಸ್‌ಎಂಎಆರ್‌ಸಿಎ2. ಮೊದಲನೆಯದನ್ನು ಕಳೆದುಕೊಂಡ ಗಡ್ಡೆ ಎರಡನೆಯದನ್ನೇ ನಂಬಿ ಬದುಕುತ್ತದೆ. ಆ ಉಳಿದ ಮೋಟಾರನ್ನೂ ನಿಲ್ಲಿಸಿದರೆ ಕ್ಯಾನ್ಸರ್ ಕೋಶವಷ್ಟೇ ಸಾಯಬೇಕು ಎಂಬ ಲೆಕ್ಕಾಚಾರದ ಮೇಲೆ ಔಷಧದ ಹುಡುಕಾಟ ನಡೆದಿದೆ.