ಒಂದು ಮಂಚ ಎಬ್ಬಿಸಿದ ಗದ್ದಲದ ಹಿಂದಿನ ಕಥೆ

1999ರ ಅಕ್ಟೋಬರಿನಲ್ಲಿ ಲಂಡನ್ನಿನ ಟೇಟ್ ಗ್ಯಾಲರಿಗೆ ಸಮಕಾಲೀನ ಕಲೆಗೆ ಕೊಡುವ ಟರ್ನರ್ ಪ್ರಶಸ್ತಿಯ ಪ್ರದರ್ಶನ ನೋಡಲು ಬಂದವರಿಗೆ ಕಂಡದ್ದು ಒಂದು ಮಂಚ. ಮೇಲೆ ಮುದುಡಿದ, ಕೊಳೆಯಾದ ಹಾಸಿಗೆ ಬಟ್ಟೆ. ಪಕ್ಕದಲ್ಲಿ, ನೀಲಿ ಜಮಖಾನೆಯ ಮೇಲೆ, ಖಾಲಿ ವೋಡ್ಕಾ ಬಾಟಲಿಗಳು, ಸಿಗರೇಟಿನ ತುಂಡುಗಳು, ಕಾಂಡೋಮ್‌ಗಳು, ಮುಟ್ಟಿನ ಕಲೆಯಿದ್ದ ಒಳಉಡುಪು, ಮನೆಯೊಳಗೆ ಮೆಟ್ಟುವ ಚಪ್ಪಲಿ. ಎಲ್ಲವೂ ಕಲಾವಿದೆ ಟ್ರೇಸಿ ಎಮಿನ್ ಅವರದೇ. ಕೃತಿಯ ಹೆಸರು ‘ಮೈ ಬೆಡ್’.

ಪ್ರೀತಿಯೊಂದು ಮುರಿದುಬಿದ್ದ ಮೇಲೆ ಅವರು ವಾಟರ್‌ಲೂ ಬಳಿಯ ತಮ್ಮ ಫ್ಲ್ಯಾಟಿನಲ್ಲಿ ಕೆಲವು ದಿನ ಹಾಸಿಗೆ ಬಿಟ್ಟೇ ಏಳಲಿಲ್ಲ. ಊಟ ಬಿಟ್ಟು ಕುಡಿದರು. ಕೊನೆಗೆ ಎದ್ದು ನೀರು ಕುಡಿದು ತಿರುಗಿ ನೋಡಿದಾಗ ಆ ಕೋಣೆ ಅವರಿಗೆ ಅಸಹ್ಯವಾಗಿಯೂ, ತನ್ನನ್ನು ಬದುಕಿಸಿದ ಜಾಗವಾಗಿಯೂ ಕಂಡಿತು. 1998ರಲ್ಲಿ ಟೋಕಿಯೋದಲ್ಲಿ ಮೊದಲು ತೋರಿಸಿದಾಗ ಮಂಚದ ಹತ್ತಿರ ನೇಣಿನ ಕುಣಿಕೆಯೂ ತೂಗುತ್ತಿತ್ತು. ಟೇಟ್‌ನಲ್ಲಿ ಅದು ಇರಲಿಲ್ಲ. ಆ ಕುಣಿಕೆಯ ವಿಷಯ ಗೊತ್ತಿದ್ದವರಿಗೆ ಇದು ಬರಿಯ ಸೋಮಾರಿ ಹೆಂಗಸಿನ ಹಾಸಿಗೆ ಅನ್ನಿಸಲು ಸಾಧ್ಯವೇ ಇಲ್ಲ.

ಪತ್ರಿಕೆಗಳು ಮುಗಿಬಿದ್ದವು. ಯುವಾನ್ ಚೈ ಮತ್ತು ಜಿಯಾನ್ ಜುನ್ ಶಿ ಎಂಬ ಇಬ್ಬರು ಕಲಾವಿದರು ಮಂಚ ಹತ್ತಿ ಕುಣಿದು, ದಿಂಬಿನಲ್ಲಿ ಹೊಡೆದಾಡಿದರು. ನೋಡುತ್ತಿದ್ದವರಲ್ಲಿ ಕೆಲವರು ಅದೂ ಪ್ರದರ್ಶನದ ಭಾಗವೆಂದೇ ತಿಳಿದಿದ್ದರು. ಪ್ರಶಸ್ತಿ ಹೋದದ್ದು ಸ್ಟೀವ್ ಮೆಕ್ವೀನ್ ಅವರಿಗೆ, ಆದರೆ ಆ ವರ್ಷದ ಟರ್ನರ್ ಎಂದರೆ ಜನರಿಗೆ ನೆನಪಾಗುವುದು ಮಂಚವೇ.

‘ಇದನ್ನು ಯಾರು ಬೇಕಾದರೂ ಮಾಡಬಹುದಲ್ಲ’ ಎಂಬ ಆಕ್ಷೇಪ ಆಗ ಮತ್ತೆ ಮತ್ತೆ ಕೇಳಿಬಂತು. ಅದು ಹಳೆಯ ಆಕ್ಷೇಪ. 1917ರಲ್ಲಿ ನ್ಯೂಯಾರ್ಕಿನ ಪ್ರದರ್ಶನವೊಂದಕ್ಕೆ ಫ್ರೆಂಚ್ ಕಲಾವಿದ ಮಾರ್ಸೆಲ್ ದ್ಯುಶಾಂಪ್ ಅಂಗಡಿಯಿಂದ ತಂದ ಪಿಂಗಾಣಿ ಮೂತ್ರದ ತೊಟ್ಟಿಗೆ ‘ಆರ್. ಮಟ್’ ಎಂದು ಸಹಿ ಮಾಡಿ ಕಳಿಸಿದಾಗಲೂ ಇದೇ ಮಾತು. ಶುಲ್ಕ ಕಟ್ಟಿದವರ ಕೃತಿಗಳನ್ನೆಲ್ಲ ತೋರಿಸುತ್ತೇವೆ ಎಂದಿದ್ದ ಸಂಘ ಇದೊಂದನ್ನು ಮಾತ್ರ ತೋರಿಸಲಿಲ್ಲ. ಆದರೆ ಆ ತೊಟ್ಟಿಗೆ ಯಾರ ಬದುಕಿನ ನಂಟೂ ಇರಲಿಲ್ಲ. ರುಚಿ, ಭಾವನೆ ಯಾವುದೂ ಅಂಟದ ವಸ್ತುವೇ ದ್ಯುಶಾಂಪ್‌ಗೆ ಬೇಕಿತ್ತು. ಎಮಿನ್ ಅವರದು ಇದಕ್ಕೆ ಪೂರ್ತಿ ತದ್ವಿರುದ್ಧ ದಾರಿ. ಇಬ್ಬರನ್ನೂ ಒಂದೇ ಸಾಲಿನಲ್ಲಿ ಕೂರಿಸಿ ಬೈಯುವವರೂ ಹೊಗಳುವವರೂ ಈ ವ್ಯತ್ಯಾಸವನ್ನು ಗಮನಿಸುವುದಿಲ್ಲ ಎಂಬುದು ನನ್ನ ತಕರಾರು.

ನಡುವಿನ ಕೊಂಡಿ ಅಮೆರಿಕದ ಕಲಾವಿದ ರಾಬರ್ಟ್ ರೌಶೆನ್‌ಬರ್ಗ್. 1955ರಲ್ಲಿ ಅವರು ಕೌದಿ, ದಿಂಬು, ಹಾಸುಬಟ್ಟೆಗಳಿಗೆ ಬಣ್ಣ ಸುರಿದು, ಚೌಕಟ್ಟಿಗೆ ಬಿಗಿದು ಗೋಡೆಗೆ ನಿಲ್ಲಿಸಿದರು. ಕೊಲೆ ನಡೆದ ಜಾಗದಂತಿದೆ ಎಂದು ಕೆಲವರು ಬೆಚ್ಚಿದರು. ಈಗ ಅದು ನ್ಯೂಯಾರ್ಕಿನ ಆಧುನಿಕ ಕಲಾ ಸಂಗ್ರಹಾಲಯದಲ್ಲಿದೆ. ಅಲ್ಲಿ ಹಾಸಿಗೆ ಗೋಡೆಗೇರಿ ಚಿತ್ರವಾಗಿತ್ತು, ಅದನ್ನು ಒಪ್ಪಿಕೊಳ್ಳಲು ದಾರಿಯೊಂದಿತ್ತು.

ನಿಜವಾದ ಕೋಪ ಸ್ಫೋಟಿಸಿದ್ದು 1976ರಲ್ಲಿ, ಲಂಡನ್ನಿನ ಇನ್‌ಸ್ಟಿಟ್ಯೂಟ್ ಆಫ್ ಕಾಂಟೆಂಪರರಿ ಆರ್ಟ್ಸ್‌ನಲ್ಲಿ. ಮೇರಿ ಕೆಲ್ಲಿ ತಾನು ತಾಯಿಯಾದ ಅನುಭವವನ್ನು ವರ್ಷಗಟ್ಟಲೆ ದಾಖಲಿಸುತ್ತಿದ್ದ ‘ಪೋಸ್ಟ್-ಪಾರ್ಟಮ್ ಡಾಕ್ಯುಮೆಂಟ್’ ಕೃತಿಯ ಮೊದಲ ಭಾಗಗಳನ್ನು ಅಲ್ಲಿ ತೋರಿಸಿದರು. ಮಗುವಿನ ಲಂಗೋಟಿಯೊಳಗೆ ಇಡುವ ಬಟ್ಟೆಗಳು ಕೊಳೆಯ ಸಮೇತ ಚೌಕಟ್ಟಿನಲ್ಲಿದ್ದವು. ಮಗು ಅಂದು ಏನು ತಿಂದಿತು ಎಂಬ ಲೆಕ್ಕವೂ ಕೆಳಗೆ ಬರೆದಿತ್ತು. ಪತ್ರಿಕೆಗಳಿಗೆ ಕಂಡದ್ದು ಹೊಲಸು ಬಟ್ಟೆ ಮಾತ್ರ. ಮಗುವಿಗೆ ಏನು ಉಣಿಸಿದೆ, ಅದು ಜೀರ್ಣವಾಯಿತೇ, ನಾನು ಒಳ್ಳೆಯ ತಾಯಿಯೇ ಎಂದು ಪ್ರತಿ ದಿನ ತನ್ನನ್ನೇ ಅಳೆದುಕೊಳ್ಳುವ ಹೆಣ್ಣಿನ ಆತಂಕವನ್ನು ಓದುವ ತಾಳ್ಮೆ ಅವುಗಳಿಗೆ ಇರಲಿಲ್ಲ. ಅದೇ ವರ್ಷ ಅದೇ ಸಂಸ್ಥೆಯಲ್ಲಿ ಕೂಮ್ ಟ್ರಾನ್ಸ್‌ಮಿಷನ್ಸ್ ಎಂಬ ಕಲಾವಿದರ ತಂಡ ಬಳಸಿದ ಟ್ಯಾಂಪನ್‌ಗಳನ್ನು ಪ್ರದರ್ಶಿಸಿದಾಗ ಸಂಸದರೊಬ್ಬರು ಅವರನ್ನು ನಾಗರಿಕತೆಯ ವಿಧ್ವಂಸಕರೆಂದು ಕರೆದರು.

ಇಪ್ಪತ್ಮೂರು ವರ್ಷಗಳ ನಂತರ ಮಂಚದ ಮೇಲೆ ಸುರಿದ ಬೈಗುಳವನ್ನು ಇದರ ಪಕ್ಕದಲ್ಲಿಟ್ಟು ನೋಡಿ. ಕಲೆಯೋ ಅಲ್ಲವೋ ಎಂಬ ವಾದ ಮೇಲುಮೇಲಿನದು. ಹೆಣ್ಣಿನ ದೇಹದಿಂದ ಬಂದದ್ದನ್ನು ತೊಳೆಯದೆ, ಮಡಚಿಡದೆ, ನಾಲ್ಕು ಜನರ ಎದುರು ಇಟ್ಟದ್ದೇ ಅಪರಾಧವಾಯಿತು.

ಚೀನಾದ ಸಾಂಗ್ ಡಾಂಗ್ ಅವರ ಕೃತಿಗೆ ಸಿಕ್ಕ ಸ್ವಾಗತ ನೋಡಿದಾಗ ಇದು ಇನ್ನೂ ಸ್ಪಷ್ಟವಾಗುತ್ತದೆ. 2002ರಲ್ಲಿ ತಂದೆ ತೀರಿಕೊಂಡ ಮೇಲೆ ಅವರ ತಾಯಿ ದುಃಖದಲ್ಲಿ ಯಾವುದನ್ನೂ ಎಸೆಯದಾದರು. ಬರಗಾಲ, ಅಭಾವಗಳನ್ನು ಕಂಡ ಆ ತಲೆಮಾರಿನ ತಾಯಂದಿರಿಗೆ ಎಸೆಯುವುದು ಮೊದಲೇ ಕಷ್ಟ. 2005ರಲ್ಲಿ ಬೀಜಿಂಗ್‌ನಲ್ಲಿ ತಾಯಿ ಮಗ ಇಬ್ಬರೂ ಸೇರಿ ಆ ಮನೆಯ 10,000ಕ್ಕೂ ಹೆಚ್ಚು ವಸ್ತುಗಳನ್ನು ಜೋಡಿಸಿಟ್ಟರು: ಸೋಪು, ಖಾಲಿ ಟೂತ್‌ಪೇಸ್ಟ್ ಟ್ಯೂಬು, ಬಾಟಲಿಯ ಮುಚ್ಚಳ, ಹಳೆಯ ಚಪ್ಪಲಿ. ಬಂದವರು ಆಕೆಯೊಡನೆ ನಿಂತು ತಮ್ಮ ಮನೆಯ ಕಥೆ ಹೇಳಿಕೊಂಡರು. ಕೃತಿ ನ್ಯೂಯಾರ್ಕ್, ಲಂಡನ್‌ಗಳಿಗೂ ಹೋಯಿತು. ನನಗೂ ಅದು ಬಹಳ ಪ್ರಿಯವಾದ ಕೃತಿ. ಆದರೂ ಕೇಳಲೇಬೇಕು: ಉಳಿತಾಯ ಮಾಡುವ ತಾಯಿಯ ಚಪ್ಪಲಿಗೆ ಸಿಕ್ಕ ಮರುಕ, ಕುಡಿದು ಮಲಗಿದ ಒಂಟಿ ಹೆಣ್ಣಿನ ಚಪ್ಪಲಿಗೆ ಯಾಕೆ ಸಿಗಲಿಲ್ಲ?

ಭದ್ರಾವತಿಯಲ್ಲಿ ಹುಟ್ಟಿ ಬೆಂಗಳೂರಿನಲ್ಲಿ ನೆಲೆಸಿರುವ ಕಲಾವಿದೆ ಶೀಲಾ ಗೌಡ 2009ರ ವೆನಿಸ್ ಬಿನಾಲೆ ಎಂಬ ಅಂತರರಾಷ್ಟ್ರೀಯ ಕಲಾ ಪ್ರದರ್ಶನಕ್ಕೆ ‘ಬಿಹೋಲ್ಡ್’ ಮಾಡಿದರು. ಕಾರಿನ ಬಂಪರುಗಳು, ಅವನ್ನು ಸುತ್ತಿದ ನಾಲ್ಕು ಕಿಲೋಮೀಟರಿನಷ್ಟು ಮನುಷ್ಯರ ಕೂದಲಿನ ಹಗ್ಗ. ದೃಷ್ಟಿ ತಾಗದಿರಲಿ ಎಂದು ನಮ್ಮ ಗಾಡಿಗಳಿಗೆ ಕಟ್ಟುವ ಹಗ್ಗವೇ ಅದು. ಮುಡಿ ಕೊಟ್ಟವರ ಹೆಸರು ಅಲ್ಲಿಲ್ಲ. ಕೂದಲಿಗಿಂತ ಖಾಸಗಿಯಾದದ್ದು ಇನ್ನೇನಿದೆ? ಆದರೂ ಹೆಸರಿಲ್ಲದಾಗ ಅದನ್ನು ನೋಡುವುದು ಸುಲಭವಾಗುತ್ತದೆ. ಆ ಕೃತಿ ಈಗ ಟೇಟ್ ಸಂಗ್ರಹದಲ್ಲಿದೆ.

ಮಂಚದ ಬೆಲೆ ಮಾತ್ರ ಏರುತ್ತಲೇ ಹೋಯಿತು. ಕಲಾ ಸಂಗ್ರಾಹಕ ಚಾರ್ಲ್ಸ್ ಸಾಚಿ 1,50,000 ಪೌಂಡಿಗೆ ಕೊಂಡದ್ದು 2014ರ ಜುಲೈನಲ್ಲಿ ಕ್ರಿಸ್ಟೀಸ್ ಹರಾಜಿನಲ್ಲಿ 25 ಲಕ್ಷ ಪೌಂಡು ದಾಟಿತು. ಕೊಂಡ ಜರ್ಮನ್ ಸಂಗ್ರಾಹಕರು ಅದನ್ನು ಟೇಟ್‌ಗೇ ಎರವಲು ಕೊಟ್ಟರು.

ಎಮಿನ್ ಅವರ ಇನ್ನೊಂದು ಕೃತಿಗೆ ಆ ಭಾಗ್ಯ ಇರಲಿಲ್ಲ. 1995ರಲ್ಲಿ ಅವರು ಒಂದು ಡೇರೆಯೊಳಗೆ, ತಾನು ಹುಟ್ಟಿದಾಗಿನಿಂದ ಯಾರ ಜೊತೆ ಮಲಗಿದ್ದೆನೋ ಅವರೆಲ್ಲರ ಹೆಸರುಗಳನ್ನು ಬಟ್ಟೆಯಲ್ಲಿ ಕತ್ತರಿಸಿ ಹೊಲಿದಿದ್ದರು. ಒಟ್ಟು 102. ಹೊರಗಿನಿಂದ ಕೇಳಿದವರು ಪ್ರಿಯಕರರ ಪಟ್ಟಿ ಎಂದುಕೊಂಡರು. ಬಗ್ಗಿ ಒಳಗೆ ಹೋದವರಿಗೆ ಬಾಲ್ಯದಲ್ಲಿ ಪಕ್ಕದಲ್ಲಿ ಮಲಗಿಸಿಕೊಂಡಿದ್ದ ಅಜ್ಜಿ ಸಿಗುತ್ತಿದ್ದರು, ಅವಳಿ ಸೋದರ ಸಿಗುತ್ತಿದ್ದ, ಹುಟ್ಟದೇ ಹೋದ ಎರಡು ಕೂಸುಗಳೂ ಸಿಗುತ್ತಿದ್ದವು. 2004ರ ಮೇ 24ರಂದು ಪೂರ್ವ ಲಂಡನ್ನಿನಲ್ಲಿ ಕಲಾಕೃತಿಗಳನ್ನು ಇಡುವ ಮೋಮಾರ್ಟ್ ಗೋದಾಮಿಗೆ ಬಿದ್ದ ಬೆಂಕಿಯಲ್ಲಿ ಡೇರೆ ಬೂದಿಯಾಯಿತು. ಪತ್ರಿಕೆಗಳಲ್ಲಿ ಕೆಲವರು ನಕ್ಕರು, ಇನ್ನೊಂದು ಡೇರೆ ಕೊಂಡು ಹೊಲಿದರಾಯಿತು ಎಂದರು. ದ್ಯುಶಾಂಪ್ ಅವರ ಮೂಲ ತೊಟ್ಟಿ ಎಂದೋ ಕಳೆದುಹೋಗಿತ್ತು, 1964ರಲ್ಲಿ ಅವರ ಒಪ್ಪಿಗೆಯಿಂದಲೇ ಪ್ರತಿಗಳನ್ನು ಮಾಡಿಸಲಾಯಿತು. ಅದೇ ಬೆಂಕಿಯಲ್ಲಿ ಸುಟ್ಟ ತಮ್ಮ ‘ಹೆಲ್’ ಕೃತಿಯನ್ನು ಕಲಾವಿದರಾದ ಚಾಪ್‌ಮನ್ ಸಹೋದರರು ಮತ್ತೆ ಕಟ್ಟಿದರು. ಎಮಿನ್ ಒಪ್ಪಲಿಲ್ಲ. ಆ ಹೆಸರುಗಳನ್ನು ಹೊಲಿಯುವಾಗ ಇದ್ದ ಮನಸ್ಸು ಈಗ ತನ್ನಲ್ಲಿಲ್ಲ ಎಂದು ಹೇಳಿ, ಮತ್ತೆ ಸೂಜಿ ಹಿಡಿಯಲಿಲ್ಲ.