ಆ್ಯಕ್ಟಿವ್ ಕ್ರಾಸೋವರ್: ಪ್ಲಗ್ ಇದ್ದ ಮಾತ್ರಕ್ಕೆ ಆ್ಯಕ್ಟಿವ್ ಆಗಲ್ಲ

ಮೊನ್ನೆ ಒಬ್ಬರು ಮನೆಯಲ್ಲೇ ಕಟ್ಟಿದ ಸ್ಪೀಕರ್ ತೋರಿಸಿದರು. ಕೆಲಸ ಚೊಕ್ಕವಾಗಿತ್ತು. ಬೆಸುಗೆ ಹೊಳೆಯುತ್ತಿತ್ತು, ಗ್ರೌಂಡ್ ವೈರುಗಳೆಲ್ಲ ಒಂದೇ ಕಡೆ ಬಂದು ಕೂಡಿದ್ದವು. "ಇದು ಆ್ಯಕ್ಟಿವ್ ಕ್ರಾಸೋವರ್" ಅಂದರು. ಕ್ರಾಸೋವರ್ ಅಂದರೆ ದಪ್ಪ ಸ್ವರವನ್ನು ವೂಫರ್‌ಗೆ, ಕೀಚಲು ಸ್ವರವನ್ನು ಟ್ವೀಟರ್‌ಗೆ ಅಂತ ಸಿಗ್ನಲ್ಲನ್ನು ಭಾಗ ಮಾಡುವ ಸರ್ಕ್ಯೂಟ್. ಹಿಂಬದಿಯ ಹಲಗೆ ಬಿಚ್ಚಿ ನೋಡಿದೆ. ಒಂದೇ ಒಂದು ಎಲ್‌ಎಂ3886 ಪವರ್ ಆ್ಯಂಪ್ ಚಿಪ್‌ನ ಬೋರ್ಡ್. ಅದರ ಔಟ್‌ಪುಟ್‌ನಿಂದ ಹೊರಟ ವೈರು ಒಂದು ತಾಮ್ರದ ಕಾಯಿಲ್‌ಗೆ, ಒಂದು 10 ಮೈಕ್ರೋಫ್ಯಾರಡ್ ಕೆಪಾಸಿಟರ್‌ಗೆ ಹೋಗಿತ್ತು. ಅಲ್ಲಿಂದ ವೂಫರ್, ಟ್ವೀಟರ್. ಇದು ಹೇಗೆ ಆ್ಯಕ್ಟಿವ್ ಅಂತ ಕೇಳಿದರೆ, "ಆ್ಯಂಪ್ ಒಳಗೇ ಇದೆಯಲ್ಲ, ಪ್ಲಗ್ ಹಾಕಿದರೆ ಸಾಕು" ಅಂದರು.

ಅದು ಪವರ್ಡ್ ಸ್ಪೀಕರ್. ಅದರೊಳಗಿನ ಕ್ರಾಸೋವರ್ ಮಾತ್ರ ಅಪ್ಪಟ ಪ್ಯಾಸಿವ್. ಈ ಬೆರಕೆ ಮಾತು ಕೇಳಿದ್ದು ಎಷ್ಟನೇ ಸಲವೋ ಲೆಕ್ಕ ತಪ್ಪಿದೆ.

ಕ್ರಾಸೋವರ್ ಎಂಬ ಪದದಲ್ಲಿ ತಕರಾರಿಲ್ಲ. ಗ್ರಾಫಿನಲ್ಲಿ ವೂಫರ್‌ನ ಗೆರೆ ಇಳಿಯುತ್ತದೆ, ಟ್ವೀಟರ್‌ನದು ಏರುತ್ತದೆ, ಎರಡೂ ಒಂದನ್ನೊಂದು ಹಾಯುವ ಜಾಗ ಅದು. ತೊಂದರೆ ಇರುವುದು ಅದರ ಮುಂಚೆ ಬರುವ ಆ್ಯಕ್ಟಿವ್, ಪ್ಯಾಸಿವ್ ಎಂಬ ಪದಗಳಲ್ಲಿ. ನಾವು ಪ್ಯಾಸಿವ್‌ಗೆ 'ನಿಷ್ಕ್ರಿಯ' ಎಂದು ಬರೆದುಬಿಡುತ್ತೇವೆ. ಕೇಳಿದವರಿಗೆ ಏನೂ ಮಾಡದೆ ಸುಮ್ನೆ ಕೂತಿರುವುದು ಅನಿಸುತ್ತದೆ. ಆಗ ದೀಪ ಉರಿಯುತ್ತಿರುವ ಪೆಟ್ಟಿಗೆಯೆಲ್ಲ ಆ್ಯಕ್ಟಿವ್ ಆಗಿ ಕಾಣದೆ ಇನ್ನೇನು?

ಪ್ಯಾಸಿವ್ ಹುಟ್ಟಿದ್ದು ಲ್ಯಾಟಿನ್ನಿನ ಒಂದು ಕ್ರಿಯಾಪದದಿಂದ. ಅದರ ಅರ್ಥ ತಾಳು, ಅನುಭವಿಸು. ಪೇಷೆಂಟ್ ಕೂಡ ಅದೇ ಬೇರಿನ ಪದ. ಇದಕ್ಕೆ ಕನ್ನಡದಲ್ಲಿ ಸರಿಯಾಗಿ ಹೊಂದುವ ಪದ ಇದೆ: 'ಪಡು'. ಕಷ್ಟಪಡು, ನೋವುಪಡು ಎನ್ನುತ್ತೇವಲ್ಲ, ಅದೇ. ವ್ಯಾಕರಣದ ಪ್ಯಾಸಿವ್, ಅಂದರೆ ಕರ್ಮಣಿ ಪ್ರಯೋಗಕ್ಕೂ ನಾವು ಬಳಸುವುದು ಇದನ್ನೇ. 'ಮರ ಕಡಿಯಲ್ಪಟ್ಟಿತು.' ಮರ ಏನೂ ಮಾಡಲಿಲ್ಲ, ಕೊಡಲಿ ಮಾಡಿದ್ದನ್ನು ಪಟ್ಟಿತು. ಕಾಯಿಲ್, ಕೆಪಾಸಿಟರ್, ರೆಸಿಸ್ಟರ್ ಇಂಥ 'ಪಡುವ' ಭಾಗಗಳು. ಬಂದ ಸಿಗ್ನಲ್ಲನ್ನು ತಡೆಯುತ್ತವೆ, ಬಿಡುತ್ತವೆ, ಸ್ವಲ್ಪ ಕಳೆಯುತ್ತವೆ. ತಮ್ಮ ಕಡೆಯಿಂದ ಶಕ್ತಿ ಸೇರಿಸುವುದಿಲ್ಲ. ಟ್ರಾನ್ಸಿಸ್ಟರ್, ಆಪ್‌ಆ್ಯಂಪ್ (ಸಣ್ಣ ಸಿಗ್ನಲ್ಲನ್ನು ವರ್ಧಿಸುವ ಚಿಪ್) 'ಮಾಡುವ' ಭಾಗಗಳು. ಬೇರೆ ಸಪ್ಲೈಯಿಂದ ಶಕ್ತಿ ತಗೊಂಡು ಸಿಗ್ನಲ್ಲಿಗೆ ಸೇರಿಸುತ್ತವೆ.

ಆದ್ದರಿಂದ ಕೇಳಬೇಕಾದ್ದು ಪ್ಲಗ್ ಇದೆಯಾ ಅಂತ ಅಲ್ಲ. ಸೋಸುವ ಕೆಲಸ ಯಾರದು, ಎಲ್ಲಿ ನಡೆಯುತ್ತದೆ ಅಂತ. ಆ್ಯಕ್ಟಿವ್ ಕ್ರಾಸೋವರ್‌ನಲ್ಲಿ ಪವರ್ ಆ್ಯಂಪ್‌ಗೆ ಮೊದಲೇ, ಸಣ್ಣ ಸಿಗ್ನಲ್ ಇರುವಾಗಲೇ ಆಪ್‌ಆ್ಯಂಪ್‌ಗಳು ಅದನ್ನು ಭಾಗ ಮಾಡುತ್ತವೆ. ಆ ಕೆಲಸವನ್ನು ಡಿಜಿಟಲ್ ಲೆಕ್ಕದಿಂದ ಸೋಸುವ ಡಿಎಸ್‌ಪಿ ಬೋರ್ಡ್ ಮಾಡಿದರೂ ಮಾತು ಅದೇ. ಆಮೇಲೆ ವೂಫರ್‌ಗೆ ಒಂದು ಆ್ಯಂಪ್, ಟ್ವೀಟರ್‌ಗೆ ಇನ್ನೊಂದು. ಟೂ-ವೇ ಸ್ಟೀರಿಯೋಗೆ ನಾಲ್ಕು ಚಾನೆಲ್ ಆಯಿತು. ಎರಡು ಆ್ಯಂಪ್ ಇಟ್ಟು ಒಳಗಿನ ಕಾಯಿಲ್-ಕೆಪಾಸಿಟರ್ ಹಾಗೇ ಬಿಟ್ಟರೆ ಅದು ಬೈ-ಆ್ಯಂಪಿಂಗ್ ಮಾತ್ರ. ದಯವಿಟ್ಟು ಅದನ್ನೂ ಆ್ಯಕ್ಟಿವ್ ಅನ್ನಬೇಡಿ.

ಹೆಸರಿನ ಬಗ್ಗೆ ಇಷ್ಟು ಹಟ ಯಾಕೆ? ಪ್ಯಾಸಿವ್ ಫಿಲ್ಟರ್ ನಿಜವಾಗಿಯೂ 'ಪಡುತ್ತದೆ'. ಆ 10 ಮೈಕ್ರೋಫ್ಯಾರಡ್ ಲೆಕ್ಕವನ್ನೇ ನೋಡಿ. ಟ್ವೀಟರ್ 8 ಓಮ್ ಎಂದುಕೊಂಡರೆ ಕಡಿತ, ಅಂದರೆ ಫಿಲ್ಟರ್ ಯಾವ ಫ್ರೀಕ್ವೆನ್ಸಿಯ ಕೆಳಗೆ ತಡೆಯಲು ತೊಡಗುತ್ತದೋ ಅದು, ಸುಮಾರು 2000 ಹರ್ಟ್ಸ್‌ಗೆ ಬರುತ್ತದೆ. ಆದರೆ 8 ಓಮ್ ಅನ್ನುವುದು ಲೇಬಲ್ ಮೇಲಿನ ಮಾತು. ಮೀಟರ್ ಇಟ್ಟರೆ ಸಾಮಾನ್ಯವಾಗಿ 6ರ ಆಸುಪಾಸು ತೋರಿಸುತ್ತದೆ. ರೆಸೊನೆನ್ಸ್ (ತಾನಾಗಿ ಹೆಚ್ಚು ಅದುರುವ ಫ್ರೀಕ್ವೆನ್ಸಿ) ಹತ್ತಿರ ವೂಫರ್, ಟ್ವೀಟರ್‌ನಂಥ ಬಹಳಷ್ಟು ಡ್ರೈವರ್‌ಗಳಲ್ಲಿ ಇಂಪೀಡೆನ್ಸ್, ಅಂದರೆ ಸಿಗ್ನಲ್ಲಿಗೆ ಒಡ್ಡುವ ತಡೆ, ಜೋರಾಗಿ ಏರುತ್ತದೆ. ಲೋಡ್ ಬದಲಾದ ಹಾಗೆ ಫಿಲ್ಟರ್‌ನ ನಡತೆಯೂ ಬದಲಾಗುತ್ತದೆ. ಆಪ್‌ಆ್ಯಂಪ್ ಪಕ್ಕದ 10 ಕಿಲೋಓಮ್, 8.2 ನ್ಯಾನೋಫ್ಯಾರಡ್‌ನ ಒಂದು ಸಾದಾ ಹಂತಕ್ಕೆ ಆ ರಗಳೆ ಇಲ್ಲ. ಕಡಿತ ಸುಮಾರು 1940 ಹರ್ಟ್ಸ್. ಮುಂದೆ ಯಾವ ಟ್ವೀಟರ್ ಇದ್ದರೂ ಅಷ್ಟೇ.

ಇನ್ನೊಂದು ಲಾಭ ನನಗೆ ತುಂಬಾ ಇಷ್ಟ. 8 ಓಮ್‌ಗೆ 50 ವ್ಯಾಟ್ ಅಂದರೆ ತುತ್ತತುದಿಯಲ್ಲಿ ಸುಮಾರು 28 ವೋಲ್ಟ್. ದಪ್ಪ ಸ್ವರಕ್ಕೆ 28, ಕೀಚಲು ಸ್ವರಕ್ಕೆ 28 ಬೇಕಾದಾಗ ಒಂದೇ ಆ್ಯಂಪ್ ಎರಡನ್ನೂ ಹೊರಬೇಕಿದ್ದರೆ ತುದಿ 56 ವೋಲ್ಟ್ ದಾಟುತ್ತದೆ. ಅದಕ್ಕೆ 200 ವ್ಯಾಟಿನ ಆ್ಯಂಪ್ ಬೇಕು. ಬೇರೆ ಬೇರೆ ಮಾಡಿದರೆ 50 ವ್ಯಾಟಿನ ಎರಡು ಸಾಕು. ಬಾಸ್ ಕ್ಲಿಪ್ ಆದರೂ (ಆ್ಯಂಪ್‌ನ ಮಿತಿ ಮೀರಿ ಅಲೆಯ ತುದಿ ಕತ್ತರಿಸಿದರೂ) ಟ್ವೀಟರ್‌ಗೆ ಸುದ್ದಿಯೇ ಹೋಗುವುದಿಲ್ಲ.

ಈಗ ಮನೆಯಲ್ಲಿ ಕಟ್ಟುವವರು ಜಾಸ್ತಿ ಆರಿಸುವುದು ಲಿಂಕ್ವಿಟ್ಸ್-ರೈಲಿ ಫಿಲ್ಟರ್. ಹ್ಯೂಲೆಟ್-ಪ್ಯಾಕರ್ಡ್‌ನ ಎಂಜಿನಿಯರ್‌ಗಳಾದ ಸೀಗ್‌ಫ್ರೀಡ್ ಲಿಂಕ್ವಿಟ್ಸ್ ಮತ್ತು ರಸ್ ರೈಲಿ ಹೆಸರಿನದು, 1976ರಲ್ಲಿ ಪ್ರಕಟವಾಯಿತು. ಪ್ರತಿ ಆಕ್ಟೇವ್‌ಗೆ (ಫ್ರೀಕ್ವೆನ್ಸಿ ಇಮ್ಮಡಿ ಇಲ್ಲವೇ ಅರ್ಧ ಆದಾಗಲೆಲ್ಲ) 24 ಡೆಸಿಬೆಲ್‌ನ ಇಳಿಜಾರು. ಹಾಯುವ ಜಾಗದಲ್ಲಿ ಎರಡೂ 6 ಡೆಸಿಬೆಲ್ ಕೆಳಗೆ, ಒಂದೇ ಫೇಸ್‌ನಲ್ಲಿ (ಏರಿಳಿತ ಒಟ್ಟೊಟ್ಟಿಗೆ) ಇರುತ್ತವೆ. ಕೂಡಿದರೆ ಮಟ್ಟಸ. ಒಂದು ಚಾನೆಲ್ ಸೋಸಲು ಎರಡು ಎನ್‌ಇ5532 (ಒಂದರಲ್ಲೇ ಎರಡು ಆಪ್‌ಆ್ಯಂಪ್ ಇರುವ ಚಿಪ್) ಸಾಕು.

ಒಂದು ಎಚ್ಚರಿಕೆ. ಇಲ್ಲಿ ಟ್ವೀಟರ್ ನೇರವಾಗಿ ಆ್ಯಂಪ್‌ಗೆ ಅಂಟಿಕೊಂಡಿರುತ್ತದೆ. ಸ್ವಿಚ್ ಹಾಕಿದಾಗಿನ 'ಧಪ್', ಆ್ಯಂಪ್ ಕೆಟ್ಟಾಗಿನ ಡಿಸಿ, ಎರಡೂ ಅದರ ಸಣ್ಣ ಸುರುಳಿಯನ್ನು ಸುಡಬಹುದು. ಹಾಗಾಗಿ ಸರಣಿಯಲ್ಲಿ 47 ಮೈಕ್ರೋಫ್ಯಾರಡ್‌ನ ನಾನ್-ಪೋಲಾರ್ ಕೆಪಾಸಿಟರ್ ಹಾಕಿ. "ಕೆಪಾಸಿಟರ್ ಬಂತಲ್ಲ, ಹಾಗಾದರೆ ಇದೂ ಪ್ಯಾಸಿವ್ ಅಲ್ವಾ?" ಅಂತ ಕೇಳುವವರಿದ್ದಾರೆ. ಅಲ್ಲ. ಅದರ ಕಡಿತ 8 ಓಮ್‌ಗೆ ಸುಮಾರು 420 ಹರ್ಟ್ಸ್. 2000ದಲ್ಲಿ ಭಾಗ ಮಾಡುತ್ತಿರುವುದು ಆಪ್‌ಆ್ಯಂಪ್. ಈ ಕೆಪಾಸಿಟರ್ ಬರೀ ಕಾವಲಿಗೆ ನಿಂತಿದೆ.